ಹಿಂದಿನಕ್ಕನ ಬಿಸಿಲು

ನನ್ನ ಚಿಕ್ಕಮ್ಮನಿಗೆ ನಡೆಯುವುದೇ ಕೆಲಸ. ಅದರಲ್ಲೂ ಎಲ್ಲರಿಗಿಂತ ಹಿಂದೆ ನಡೆಯುವುದು.

ಬಸ್ ನಿಲ್ದಾಣದ ಎದುರು, ಹೊಲಿಗೆ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಒಂದು ಕಚೇರಿ ಇದೆ. ಪೇಟೆಯಿಂದ ಬಂದವರನ್ನು ಬೆಟ್ಟ ಹತ್ತಿಸಿ ಇಳಿಸುವುದು ಆ ಕಚೇರಿಯ ಕಸುಬು. ಮುಂದಿನ ಕೋಣೆಯಲ್ಲಿ ಯಜಮಾನರ ಮೇಜು, ಗೋಡೆಗೆ ಒಂದು ನಕ್ಷೆ. ಹಿಂದಿನ ಕೋಣೆಯಲ್ಲಿ ಮಡಚಿಟ್ಟ ಡೇರೆಗಳು, ಹಗ್ಗ, ಬಾಡಿಗೆಗೆ ಕೊಡುವ ಬೂಟುಗಳು, ಅವುಗಳ ವಾಸನೆ. ಗುಂಪು ಹೊರಟಾಗ ದಾರಿ ತೋರಿಸುವವನೊಬ್ಬ ಮುಂದೆ ಇರುತ್ತಾನೆ, ಯಾರೂ ಉಳಿದುಹೋಗದಂತೆ ನೋಡುವವಳೊಬ್ಬಳು ಕೊನೆಯಲ್ಲಿ. ಬಂದವರಿಗೆ ಇವರಿಬ್ಬರ ಹೆಸರು ನೆನಪಿರುವುದಿಲ್ಲ. ಅವನು ಮುಂದಿನಣ್ಣ, ಇವಳು ಹಿಂದಿನಕ್ಕ. ಎಷ್ಟೋ ವರ್ಷಗಳಿಂದ ಅವರಿಬ್ಬರ ನಡುವೆ ಯಾರು ಯಾರೋ ನಡೆದುಹೋಗಿದ್ದಾರೆ.

"ನಂಗೆ ಯಾರ ಮುಖಾನೂ ನೆನಪಿರಲ್ಲ ಕಣೇ. ಬೆನ್ನು ತೋರ್ಸು, ಯಾರು ಅಂತ ಹೇಳ್ತೀನಿ" ಎನ್ನುತ್ತಾಳೆ ಚಿಕ್ಕಮ್ಮ.

ಬೂಟು ಕಚ್ಚಿದವರು, ಗಂಡನ ಜೊತೆ ಮಾತು ಬಿಟ್ಟು ಬಂದವರು, ನೋಟ ಚೆನ್ನಾಗಿದೆ ಎಂದು ನಿಂತು ಉಸಿರು ತಿರುಗಿಸಿಕೊಳ್ಳುವವರು, ಎಲ್ಲರೂ ಸಾಲಿನ ಕೊನೆಗೇ ಬಂದು ಸೇರುತ್ತಾರೆ. ಅವಳು ಅವರನ್ನು ದಾಟುವುದಿಲ್ಲ. ಅವರು ಕೂತರೆ ಇವಳೂ ಕೂರುತ್ತಾಳೆ. ಗಟ್ಟಿಮುಟ್ಟಾಗಿ ನಡೆಯುವವರಿಗೆ ಹಿಂದಿನಕ್ಕ ಎಂಬುವಳೊಬ್ಬಳು ಇದ್ದಳೆಂಬುದು ಬಸ್ ಹತ್ತುವಾಗಲಷ್ಟೇ ಗೊತ್ತಾಗುತ್ತದೆ.

ದಾರಿಯಲ್ಲಿ ಇಬ್ಬರ ನಡುವೆ ಇರುವುದು ಒಂದು ಸೀಟಿ. ತಿರುವು ಬಂದಾಗಲೆಲ್ಲ ಮುಂದಿನಣ್ಣ ಉದ್ದಕ್ಕೆ ಒಮ್ಮೆ ಊದುತ್ತಾನೆ. ಎಲ್ಲರೂ ತನ್ನ ಮುಂದೆಯೇ ಇದ್ದರೆ ಹಿಂದಿನಕ್ಕ ಉದ್ದಕ್ಕೆ ಒಮ್ಮೆ ಊದಿ ಉತ್ತರ ಕೊಡಬೇಕು. ಉತ್ತರ ಕಿವಿಗೆ ಬೀಳುವವರೆಗೆ ಅವನು ಹೆಜ್ಜೆ ಎತ್ತುವಂತಿಲ್ಲ. ಮರ ಬಂಡೆಗಳ ನಡುವೆ ಕಣ್ಣು ಹತ್ತು ಮಾರು ಹೋದರೆ ಹೆಚ್ಚು. ಕಿವಿ ಅದಕ್ಕಿಂತ ಎಷ್ಟೋ ದೂರ ಹೋಗುತ್ತದೆ. ಹಾಗಾಗಿ ಅವರ ಕೆಲಸದಲ್ಲಿ ಕಾಲಿಗಿಂತ ಕಿವಿ ದೊಡ್ಡದು.

ಚಿಕ್ಕಮ್ಮನ ಕಿವಿ ಮಂದವಾಗುತ್ತಾ ಬಂದದ್ದು ನಮಗೆ ತಡವಾಗಿ ತಿಳಿಯಿತು. ಅಮ್ಮ ಮೊದಮೊದಲು ಅದನ್ನು ಜಾಣಕಿವುಡು ಅಂದುಕೊಂಡಿದ್ದಳು. "ಪಾತ್ರೆ ತೊಳಿ ಅಂದ್ರೆ ಕೇಳ್ಸಲ್ಲ, ಟೀ ಅಂದ್ರೆ ಆಚೆ ಬೀದಿಯಿಂದ ಓಡಿ ಬರ್ತಾಳೆ" ಎಂದು ಬೈಯುತ್ತಿದ್ದಳು. ಒಂದು ದಿನ ಟೀ ಎಂದರೂ ಚಿಕ್ಕಮ್ಮ ಕಿಟಕಿಯ ಕಡೆಗೇ ನೋಡುತ್ತಾ ಕೂತಿದ್ದಳು. ಅಮ್ಮ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಆ ವಾರವೇ ಇಬ್ಬರೂ ಆಸ್ಪತ್ರೆಗೆ ಹೋಗಿ ಬಂದರು.

ಈಗ ಅವಳ ಎರಡೂ ಕಿವಿಯ ಹಿಂದೆ ಹುಣಸೆಬೀಜದಷ್ಟು ದೊಡ್ಡ ಯಂತ್ರಗಳಿವೆ. ಕೂದಲು ಇಳಿಬಿಟ್ಟರೆ ಕಾಣುವುದಿಲ್ಲ. ಮಲಗುವಾಗ ಅವನ್ನು ತೆಗೆದು ಓಲೆಯ ಪೆಟ್ಟಿಗೆಯಂಥ ಒಂದು ಬಿಳಿ ಡಬ್ಬಿಯಲ್ಲಿ ಇಡಬೇಕು. ಡಬ್ಬಿಯ ತಂತಿಯನ್ನು ಗೋಡೆಗೆ ಸಿಕ್ಕಿಸಿದರೆ ಬೆಳಿಗ್ಗೆ ಹೊತ್ತಿಗೆ ಯಂತ್ರಗಳು ತುಂಬಿಕೊಂಡಿರುತ್ತವೆ. "ಕಿವಿ ಮಲಗಿಸಿ ಬರ್ತೀನಿ" ಎಂದು ಹೇಳಿಯೇ ಅವಳು ಮಲಗುವುದು.

ಇದನ್ನು ಅವಳು ಕಚೇರಿಯಲ್ಲಿ ಹೇಳಿರಲಿಲ್ಲ. ಬೆಳಿಗ್ಗೆ ಹೊರಟು ಸಂಜೆ ಮರಳುವ ನಡಿಗೆಗಳಲ್ಲಿ ಹೇಳುವ ಅಗತ್ಯವೂ ಬಿದ್ದಿರಲಿಲ್ಲ. ಮುಂದಿನಣ್ಣನಿಗೂ ಗೊತ್ತಿರಲಿಲ್ಲ.

ಹೋದ ವರ್ಷ ಯಜಮಾನರು ಎಲ್ಲರನ್ನೂ ಕೂರಿಸಿ ಹೊಸ ಏರ್ಪಾಡು ಹೇಳಿದರು. ಒಂದು ದಿನದ ನಡಿಗೆಗೆ ಈಗ ಜನ ತಾವೇ ಫೋನು ನೋಡಿಕೊಂಡು ಹೋಗುತ್ತಾರೆ, ಅದರಲ್ಲಿ ಏನೂ ಗಿಟ್ಟುವುದಿಲ್ಲ. ಇನ್ನು ಮುಂದೆ ಬೆಟ್ಟದ ಮೇಲೆಯೇ ಡೇರೆ ಹಾಕುವುದು. ಗುಂಪುಗಳು ಬರುತ್ತವೆ, ನಾಲ್ಕಾರು ದಿನ ಇದ್ದು ಹೋಗುತ್ತವೆ. ಕರೆದುಕೊಂಡು ಓಡಾಡುವವರು ಮಾತ್ರ ಬೇಸಗೆ ಪೂರ್ತಿ ಮೇಲೆಯೇ ಇರಬೇಕು. ಅಲ್ಲಿ ಕರೆಂಟಿಲ್ಲ. ಜನರೇಟರ್ ಇಡಲು ಅರಣ್ಯ ಇಲಾಖೆಯವರು ಬಿಡುವುದಿಲ್ಲ.

"ಫೋನು ಗೀನು ಅಂತ ಇದ್ರೆ ಅವರವರ ವ್ಯವಸ್ಥೆ ಅವರವರು ಮಾಡ್ಕೊಳ್ಳಿ. ಬೇಸಗೆ ಇರಕ್ಕಾಗಲ್ಲ ಅನ್ನೋರು ಈಗ್ಲೇ ಹೇಳ್ಬಿಡಿ, ಬೇರೆಯವರನ್ನ ನೋಡ್ತೀನಿ" ಎಂದರಂತೆ.

ಚಿಕ್ಕಮ್ಮ ಮನೆಗೆ ಬಂದವಳು ಬೂಟು ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

"ಆಗಲ್ಲ ಅಂತ ಹೇಳ್ಬಿಡು. ಕಾಲು ನೋಡ್ಕೋ ನಿಂದು. ಆನೆಕಾಲಾಗಿದೆ" ಎಂದಳು ಅಮ್ಮ.

"ಹೇಳಿ ಏನ್ ಮಾಡ್ಲಿ? ನಿನ್ ಜೊತೆ ಕೂತ್ಕೊಂಡು ಜಗಳ ಆಡ್ಲಾ?"

"ಈಗೇನ್ ಕಡಿಮೆ ಆಡ್ತಿದ್ದೀಯಾ?"

"ಅಕ್ಕ, ನಂಗೆ ಬೇರೆ ಏನೂ ಬರಲ್ಲ." ಚಿಕ್ಕಮ್ಮ ಅದನ್ನು ದುಃಖದಿಂದ ಹೇಳಲಿಲ್ಲ. ಸಕ್ಕರೆ ಮುಗಿದಿದೆ ಎನ್ನುವ ಹಾಗೆ ಹೇಳಿದಳು.

ಹಳೆಯ ಕಾಲದ, ಗುಂಡಿ ಸೆಲ್ಲು ಹಾಕುವ ಕಿವಿಯಂತ್ರ ಆಗಿದ್ದರೆ ಒಂದು ಪೊಟ್ಟಣ ಸೆಲ್ಲು ಕಟ್ಟಿಕೊಂಡು ಹೋದರೆ ಸಾಕಿತ್ತು. ಆಸ್ಪತ್ರೆಯವರು ಕೊಟ್ಟಿದ್ದು ಇದು. ಬೇರೆಯದು ತೆಗೆದುಕೊಳ್ಳುವ ಹಾಗಿರಲಿಲ್ಲ. ಉಳಿದಿದ್ದು ಬಿಸಿಲು.

ಸೋಲಾರ್ ಚಾರ್ಜರ್ ಕೊಳ್ಳಲು ನಾವು ಮೂವರೂ ಹೋದೆವು. ಚಿಕ್ಕಮ್ಮ ತನ್ನ ಬೆನ್ನುಚೀಲವನ್ನು ಬೆಟ್ಟಕ್ಕೆ ಹೊರಟ ಹಾಗೆಯೇ ಪೂರ್ತಿ ತುಂಬಿ ಹೊತ್ತು ತಂದಿದ್ದಳು. ಬಸ್ಸಿನಲ್ಲಿ ಎಲ್ಲರೂ ನಮ್ಮನ್ನು ನೋಡಿದರು. "ಅಂಗಡಿಗೆ ಹೋಗ್ತಿದ್ದೀವೋ, ಮನೆ ಬಿಟ್ಟು ಹೋಗ್ತಿದ್ದೀವೋ" ಎಂದು ಅಮ್ಮ ನನ್ನ ಹತ್ತಿರ ಗೊಣಗಿದಳು.

ಅಂಗಡಿ ಮಹಡಿಯ ಮೇಲಿತ್ತು. ಚೀಲ, ಡೇರೆ, ಟಾರ್ಚು, ಮಡಚುವ ಕುರ್ಚಿ, ಎಲ್ಲವೂ ಸೂರಿನಿಂದ ನೇತಾಡುತ್ತಿದ್ದವು. ಅಂಗಡಿಯವನು ದಪ್ಪಗಿದ್ದ, ಮಾತಿಗೂ ಬರವಿರಲಿಲ್ಲ.

"ಬನ್ನಿ ಅಕ್ಕಾ, ಏನಕ್ಕೆ ಚಾರ್ಜ್ ಮಾಡ್ಬೇಕು?"

"ಫೋನು" ಎಂದಳು ಚಿಕ್ಕಮ್ಮ.

ಅಮ್ಮ ಬಾಯಿ ತೆರೆದಳು. ಚಿಕ್ಕಮ್ಮ ಅವಳ ಕಾಲು ತುಳಿದದ್ದನ್ನು ನಾನು ನೋಡಿದೆ.

"ಫೋನಿಗೇ ಆದ್ರೆ ಇದು ನೋಡಿ." ಅವನು ಇಟ್ಟಿಗೆಯಂಥ ಒಂದು ಪವರ್ ಬ್ಯಾಂಕ್ ತೆಗೆದ. ಅದರ ಮೈಮೇಲೆಯೇ ಅಂಗೈಯಗಲ ಸೋಲಾರ್ ಹಾಳೆ ಅಂಟಿಸಿತ್ತು. "ಟಾರ್ಚಿದೆ, ದಿಕ್ಸೂಚಿ ಇದೆ, ನೀರಿಗೆ ಬಿದ್ರೂ ಏನೂ ಆಗಲ್ಲ. ಈಗ ಎಲ್ರೂ ಇದೇ ತಗೊಳ್ಳೋದು."

"ಬಿಸಿಲಲ್ಲಿಟ್ರೆ ಎಷ್ಟು ಹೊತ್ತಲ್ಲಿ ತುಂಬತ್ತೆ?" ಎಂದು ನಾನು ಕೇಳಿದೆ.

ಅವನು ತಲೆ ಕೆರೆದುಕೊಂಡ. "ಅಂದ್ರೆ ಮನೇಲಿ ಕರೆಂಟಲ್ಲಿ ತುಂಬ್ಕೊಂಡು ಹೋಗಿ. ಬಿಸಿಲು ಸುಮ್ನೆ ಆಪತ್ತಿಗೆ. ಬರೀ ಬಿಸಿಲಲ್ಲೇ ಅಂದ್ರೆ ಒಂದು ವಾರ ಹಿಡಿಯತ್ತೆ. ಹಾಳೆ ಚಿಕ್ಕದಲ್ವಾ. ಆಮೇಲೆ ಬ್ಯಾಟ್ರಿನೂ ಅದ್ರೊಳಗೇ ಇರತ್ತೆ, ಬಿಸಿಲಲ್ಲಿ ಅದೂ ಬೇಯತ್ತೆ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದಳು ಅಮ್ಮ. ಅಂಗಡಿಯವನು ಜೋರಾಗಿ ನಕ್ಕು ಇಟ್ಟಿಗೆಯನ್ನು ಒಳಗಿಟ್ಟ.

ಎರಡನೆಯದು ದೊಡ್ಡದು. ಪುಸ್ತಕದ ಹಾಗೆ ಮಡಚುತ್ತದೆ, ಬಿಚ್ಚಿದರೆ ಚಾಪೆಯಷ್ಟಾಗುತ್ತದೆ. ಅವನು ಅದರ ವ್ಯಾಟ್ ಹೇಳಿದ, ಎಷ್ಟು ಫೋನು ಒಟ್ಟಿಗೆ ತುಂಬಬಹುದೆಂದು ಹೇಳಿದ. ಚಿಕ್ಕಮ್ಮ ಏನೂ ಕೇಳಲಿಲ್ಲ. ಅದನ್ನು ಮಡಚಿ ತನ್ನ ಚೀಲಕ್ಕೆ ತುರುಕಿದಳು, ಚೀಲ ಹೆಗಲಿಗೇರಿಸಿದಳು, ಅಂಗಡಿಯಿಂದ ಹೊರಗೆ ಹೋದಳು.

"ಅಕ್ಕಾ! ಎಲ್ಲಿಗೆ?"

ಅವಳು ಮೆಟ್ಟಿಲು ಇಳಿದು ಮತ್ತೆ ಹತ್ತಿ ಬಂದಳು. ಇನ್ನೊಮ್ಮೆ ಇಳಿದಳು, ಹತ್ತಿದಳು. ಬಂದು ಅದನ್ನು ತೆಗೆದು ಮೇಜಿನ ಮೇಲಿಟ್ಟಳು. "ಭಾರ. ಇಲ್ಲಿ ಗೊತ್ತಾಗಲ್ಲ. ಮಧ್ಯಾಹ್ನದ ಹೊತ್ತಿಗೆ ಗೊತ್ತಾಗತ್ತೆ."

"ನೀವು ಬೆಟ್ಟಕ್ಕೆ ಹೋಗಿದ್ದೀರಾ?" ಎಂದು ಅಮ್ಮ ಅಂಗಡಿಯವನನ್ನು ಕೇಳಿದಳು.

"ಅಯ್ಯೋ, ನಂಗೆ ಈ ಮೆಟ್ಟಿಲೇ ಬೆಟ್ಟ ಅಮ್ಮಾ."

ಮೂರನೆಯದು ಮೂರು ಮಡಿಕೆಯದು, ಬಟ್ಟೆಯ ಹೊದಿಕೆ, ನಾಲ್ಕು ಮೂಲೆಗೂ ಕಟ್ಟಲು ಕುಣಿಕೆ. ಇದನ್ನು ಹೊತ್ತೂ ಅವಳು ಮೆಟ್ಟಿಲು ಇಳಿದು ಹತ್ತಿದಳು. ನಡೆಯುತ್ತಾ ಚೀಲದ ಬೆನ್ನಿಗೆ ಕಟ್ಟಿಕೊಳ್ಳಬಹುದು, ದಾರಿಯುದ್ದಕ್ಕೂ ತುಂಬುತ್ತಿರುತ್ತದೆ ಎಂದು ಅಂಗಡಿಯವನು ಹೇಳಿದಾಗ ಅವಳು ಸ್ವಲ್ಪ ಯೋಚಿಸಿದಳು.

"ಬೆಳಿಗ್ಗೆ ನಾವು ಸೂರ್ಯನ ಕಡೆಗೇ ನಡೆಯೋದು. ಬೆನ್ನಿಗೆ ನೆರಳು. ಆಮೇಲೆ ಕಾಡು. ಊಟಕ್ಕೆ ನಿಂತಾಗ ಬಿಚ್ಚಿ ಹಾಸ್ಬೇಕು, ಅಷ್ಟೇ. ಸಂಜೆ ಎಲ್ರೂ ಡೇರೆ ಸೇರಿದ ಮೇಲೆ ನಾನು ಸೇರೋದು, ಅಷ್ಟೊತ್ತಿಗೆ ಬಿಸಿಲೇ ಇರಲ್ಲ."

"ಹಾಗಾದ್ರೆ ನೇರವಾಗಿ ಫೋನು ಸಿಕ್ಕಿಸ್ಬೇಡಿ. ಒಂದು ಮೋಡ ಬಂದ್ರೆ ನಿಂತುಹೋಗತ್ತೆ, ಮತ್ತೆ ತಾನಾಗಿ ಶುರು ಆಗೋದು ಎಲ್ಲ ಫೋನಿಗೂ ಬರಲ್ಲ. ಹಗಲು ಇದ್ರಿಂದ ಪವರ್ ಬ್ಯಾಂಕ್ ತುಂಬಿ, ರಾತ್ರಿ ಅದ್ರಿಂದ ಫೋನು. ಒಂದು ಸಾದಾ ಪವರ್ ಬ್ಯಾಂಕ್ ಕೊಡ್ತೀನಿ, ಹಗುರ ಇದೆ."

ಒಳ್ಳೆಯ ಮಾತು ಹೇಳಿದ್ದ. ಕಿವಿಯಂತ್ರಕ್ಕೆ ಎಂದು ನಾವು ಹೇಳಿದ್ದರೆ ಇನ್ನೊಂದು ಮಾತೂ ಹೇಳುತ್ತಿದ್ದನೋ ಏನೋ. ಅವನು ಕೇಳಿದ್ದು ಫೋನಿನ ಕಥೆ, ಕೊಟ್ಟಿದ್ದು ಫೋನಿನ ಉತ್ತರ.

ಭಾನುವಾರ ನಮ್ಮ ತಾರಸಿಯ ಮೇಲೆ, ಒಣಹಾಕಿದ ಬಟ್ಟೆಗಳ ನಡುವೆ, ಅದನ್ನು ಪರೀಕ್ಷೆ ಮಾಡಿದೆವು. ಹಾಳೆ ಬಿಚ್ಚಿ ಸೂರ್ಯನ ಕಡೆಗೆ ಓರೆ ಮಾಡಿ ಇಟ್ಟೆವು. ಪವರ್ ಬ್ಯಾಂಕಿನ ಮೇಲೆ ಸಾಲಾಗಿರುವ ಸಣ್ಣ ದೀಪಗಳು ಒಂದೊಂದೇ ಹತ್ತಿಕೊಂಡವು. ಹಾಳೆಯ ಮೇಲೆ ಅಮ್ಮನ ಸೀರೆಯ ಅಂಚಿನ ನೆರಳು ಅಲ್ಲಾಡಿದರೂ ಸಾಕು, ದೀಪ ಮಂಕಾಗುತ್ತಿತ್ತು. ಚಿಕ್ಕಮ್ಮ ಹಾಳೆಯ ಪಕ್ಕ ಮಂಡಿಯೂರಿ ಕೂತು ನೆರಳು ಸರಿದಂತೆ ಅದನ್ನು ಸರಿಸುತ್ತಾ ಹೋದಳು. ಸಂಜೆ ಪವರ್ ಬ್ಯಾಂಕಿನ ಒಂದು ತೂತಿಗೆ ಫೋನು, ಇನ್ನೊಂದಕ್ಕೆ ಕಿವಿಯ ಡಬ್ಬಿ ಸಿಕ್ಕಿಸಿದೆವು. ಬೆಳಿಗ್ಗೆ ನೋಡಿದರೆ ಎರಡೂ ತುಂಬಿದ್ದವು.

"ಬಿಸಿಲನ್ನ ಕಿವಿಗೆ ಹಾಕ್ಕೊಂಡೆ ನೋಡು" ಎಂದಳು. ತುಂಬಾ ದಿನಗಳ ಮೇಲೆ ಅವಳು ಹಾಗೆ ನಕ್ಕಿದ್ದು.

ಮುಂದಿನದ್ದನ್ನು ನಾನು ನೋಡಿಲ್ಲ. ಅರ್ಧ ಅವಳು ಹೇಳಿದ್ದು, ಅರ್ಧ ಮುಂದಿನಣ್ಣ ಸಾಮಾನು ಒಯ್ಯಲು ಕೆಳಗಿಳಿದವನು ಅವಳಿಗಿಂತ ಮೊದಲೇ ಮನೆಗೆ ಬಂದಾಗ ಹೇಳಿದ್ದು.

ಬೆಟ್ಟದ ಮೇಲೆ ಫೋನಿಗೆ ಸಿಗ್ನಲ್ ಇರಲಿಲ್ಲ. ಚಿಕ್ಕಮ್ಮ ಅದನ್ನು ಆರಿಸಿ ಚೀಲದ ಅಡಿಯಲ್ಲಿಟ್ಟಳು. ನಮ್ಮ ಮನೆಯಲ್ಲಿ ಅಮ್ಮನಾಗಲಿ ಅವಳಾಗಲಿ ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯಲು ಬಿಟ್ಟವರಲ್ಲ. ಕೈಯಲ್ಲಿ ಹಿಡಿಯದ ಫೋನಿಗೆ ಕಷ್ಟಪಟ್ಟು ಹಿಡಿದ ಬಿಸಿಲನ್ನು ಏಕೆ ಕುಡಿಸಬೇಕು? ರಾತ್ರಿ ಡಬ್ಬಿಯನ್ನು ಮಾತ್ರ ಸಿಕ್ಕಿಸಿದಳು. ದೀಪ ಹತ್ತಿತು. ನೋಡಿ ಮಲಗಿದಳು.

ಬೆಳಿಗ್ಗೆ ಪವರ್ ಬ್ಯಾಂಕ್ ತುಂಬಿದ್ದು ತುಂಬಿದ ಹಾಗೆಯೇ ಇತ್ತು. ಎಷ್ಟು ಕಡಿಮೆ ಕುಡಿಯುತ್ತದೆ ಎಂದು ಅವಳಿಗೆ ಹೆಮ್ಮೆಯಾಯಿತಂತೆ. ಎರಡನೆಯ ಬೆಳಿಗ್ಗೆಯೂ ಹಾಗೆಯೇ ಇತ್ತು. ಡಬ್ಬಿಯ ಹೊಟ್ಟೆಯಲ್ಲೇ ಸ್ವಲ್ಪ ಕೂಡಿಟ್ಟದ್ದು ಇರುತ್ತದೆ; ಕಿವಿಗಳು ತಿನ್ನುತ್ತಿದ್ದದ್ದು ಅದನ್ನು. ಅದು ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನದ ಊಟ ಮುಗಿಸಿ ಹೊರಟ ಮೇಲೆ, ಒಂದು ಏರಿನಲ್ಲಿ, ಎರಡೂ ಕಿವಿಯಲ್ಲಿ ಟುಣ್ ಎಂದು ಸಣ್ಣ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಆಮೇಲೆ ಏನೂ ಇಲ್ಲ. ಹಕ್ಕಿ ಹೋಯಿತು, ಮುಂದಿನವರ ಬೂಟಿನ ಕೆಳಗಿನ ಕಲ್ಲು ಹೋಯಿತು, ತನ್ನ ಉಸಿರೂ ಹೋಯಿತು. "ಯಾರೋ ಬೆಟ್ಟಕ್ಕೆ ಕಂಬಳಿ ಹೊದಿಸಿದ ಹಾಗೆ" ಎಂದಳು ನನಗೆ.

ಆಗಲೇ ಕೂಗಿ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. ಸಂಜೆಯವರೆಗೆ ಹೇಗೋ ತಳ್ಳಿಬಿಡೋಣ ಎಂದುಕೊಂಡಳು. ಮುಂದಿನಣ್ಣನ ಸೀಟಿ ಕೇಳದಿದ್ದರೂ ಅದನ್ನು ಕೇಳಿದವರು ಕಾಣುತ್ತಾರೆ: ಸಾಲು ನಿಲ್ಲುತ್ತದೆ, ತಲೆಗಳು ಎತ್ತುತ್ತವೆ, ಒಂದಿಬ್ಬರು ಹಿಂದಕ್ಕೆ ತಿರುಗುತ್ತಾರೆ. ತಲೆ ಎತ್ತಿದಾಗಲೆಲ್ಲ ಅವಳು ಉದ್ದಕ್ಕೆ ಊದಿದಳು. ಎಲ್ಲರೂ ಇದ್ದಾರೆ. ಎಲ್ಲರೂ ಇದ್ದಾರೆ.

ಆ ಗುಂಪಿನಲ್ಲಿ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದ ಒಬ್ಬ ಹೆಂಗಸಿದ್ದರು. ಕಲ್ಲಿನ ಮೇಲಿನ ಹಾವಸೆಯ ಫೋಟೋ ತೆಗೆಯುತ್ತಾ ಯಾವಾಗಲೂ ಕೊನೆಯಲ್ಲಿ ಉಳಿಯುತ್ತಿದ್ದವರು, ದನಿ ಎತ್ತರಿಸಿ ಮಾತಾಡಿ ಗೊತ್ತಿಲ್ಲದವರು. ಅವರು ದಾರಿಯಲ್ಲಿ ಒಂದು ಪೊದೆಯ ಹತ್ತಿರ ಚಿಕ್ಕಮ್ಮನಿಗೆ ಏನೋ ಹೇಳಿದರು. ನೋಟ ಚೆನ್ನಾಗಿದೆ ಎಂದೋ, ಸುಸ್ತಾಯಿತು ಎಂದೋ ಇರಬೇಕು ಎಂದುಕೊಂಡು ಚಿಕ್ಕಮ್ಮ ನಗುತ್ತಾ ತಲೆಯಾಡಿಸಿ, ಅವರಿಗಿಂತ ಮುಂದೆ ಹೋಗುತ್ತಿದ್ದ ಕುಂಟುಗಾಲಿನವನೊಬ್ಬನಿಗೆ ಕೈ ಕೊಡಲು ಹೋದಳು. ಅವನನ್ನು ಏರು ಹತ್ತಿಸಿದಳು. ಅಷ್ಟರಲ್ಲಿ ಲೈಬ್ರರಿಯವರು ದಾಟಿ ಮುಂದೆ ಹೋಗಿರುತ್ತಾರೆ, ಹಿಂದೆ ಯಾರೂ ಇಲ್ಲ ಎಂದೇ ಅವಳ ಲೆಕ್ಕ. ಅವಳ ಹಿಂದೆ ಯಾವತ್ತೂ ಯಾರೂ ಇದ್ದದ್ದೇ ಇಲ್ಲ. ತಲೆಗಳು ಎತ್ತಿದವು. ಅವಳು ಊದಿದಳು.

ಡೇರೆ ಸೇರಿ ಟೀ ಹಂಚುವಾಗ ಒಂದು ಲೋಟ ಉಳಿಯಿತು.

ಮುಂದಿನಣ್ಣ ಅವಳ ಮುಖಕ್ಕೆ ಮುಖ ಕೊಟ್ಟು ಏನೋ ಕೇಳಿದ. ತುಟಿ ನೋಡಿಯೇ ಅವಳಿಗೆ ಗೊತ್ತಾಯಿತು. ಇಬ್ಬರೂ ಬಂದ ದಾರಿಯಲ್ಲೇ ಇಳಿದು ಓಡಿದರು. ಬಿಸಿಲು ಇಳಿಯುತ್ತಿತ್ತು. ಅವನು ಓಡುತ್ತಾ ಊದುತ್ತಿದ್ದ. ಅವನ ಕೆನ್ನೆ ಉಬ್ಬುವುದು ಕಾಣುತ್ತಿತ್ತೇ ಹೊರತು ಬೇರೇನೂ ಇಲ್ಲ.

ದಾರಿ ಎರಡಾಗುವ ಕಡೆ ಲೈಬ್ರರಿಯವರು ಒಂದು ಕಲ್ಲಿನ ಮೇಲೆ, ಕೈಚೀಲ ಮಡಿಲಲ್ಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು. ಯಾರೂ ಕಾಣದಿದ್ದರೆ ಇದ್ದಲ್ಲೇ ಕೂತುಬಿಡಿ ಎಂದು ಮೊದಲ ದಿನ ಹೇಳಿಕೊಟ್ಟಿದ್ದನ್ನು ಅವರೊಬ್ಬರೇ ಗಮನವಿಟ್ಟು ಕೇಳಿದ್ದರೆಂದು ಕಾಣುತ್ತದೆ.

"ಪೊದೆ ಹಿಂದೆ ಹೋಗ್ಬರ್ತೀನಿ, ಕಾಯ್ತೀರಾ ಅಂದೆ. ಹೂಂ ಅಂದ್ರಲ್ಲ ನೀವು" ಎಂದರು ಅವರು. ಬೈದ ಹಾಗಿರಲಿಲ್ಲ.

ಚಿಕ್ಕಮ್ಮನಿಗೆ ಅದೂ ಕೇಳಿಸಲಿಲ್ಲ. ಅವಳು ಕೂದಲು ಹಿಂದೆ ಸರಿಸಿ, ಕಿವಿಯ ಯಂತ್ರಗಳನ್ನು ತೆಗೆದು ಅಂಗೈಯಲ್ಲಿಟ್ಟು ಇಬ್ಬರಿಗೂ ತೋರಿಸಿದಳು. "ನಂಗೆ ಕೇಳ್ಸಲ್ಲ. ಮಧ್ಯಾಹ್ನದಿಂದ ಸುಮ್ನೆ ಊದ್ತಿದ್ದೆ" ಎಂದಳು. ತನ್ನ ದನಿ ಎಷ್ಟು ಜೋರಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಕಿರುಚಿದಂತಿತ್ತು ಎಂದು ಮುಂದಿನಣ್ಣ ಹೇಳಿದ.

ಅವನು ಆ ದಿನ ಅವಳ ಜೊತೆ ಮತ್ತೆ ಮಾತಾಡಲಿಲ್ಲ. ಮಾತಾಡಿದರೂ ಕೇಳಿಸದವಳ ಜೊತೆ ಮಾತು ಬಿಟ್ಟ.

ಡೇರೆಯ ಬಾಗಿಲಲ್ಲಿ ಇನ್ನೂ ಸ್ವಲ್ಪ ಬೆಳಕಿರುವಾಗ ಲೈಬ್ರರಿಯವರೇ ಬಂದು ಕೂತರು. ಯಾವುದಕ್ಕೆ ಏನು ಸಿಕ್ಕಿಸುತ್ತೀರಿ ಎಂದು ಕೈಸನ್ನೆಯಲ್ಲಿ ಕೇಳಿದರು. ಚಿಕ್ಕಮ್ಮ ಪವರ್ ಬ್ಯಾಂಕಿಗೆ ಡಬ್ಬಿ ಸಿಕ್ಕಿಸಿ ತೋರಿಸಿದಳು. ದೀಪ ಹತ್ತಿತು. ಇಬ್ಬರೂ ನೋಡುತ್ತಾ ಕೂತರು. ಸ್ವಲ್ಪ ಹೊತ್ತಿಗೆ ದೀಪ ತಾನಾಗಿ ಆರಿತು. ಗುಂಡಿ ಒತ್ತಿದಳು, ಹತ್ತಿತು. ಕಾದರು. ಆರಿತು. ಡಬ್ಬಿ ಕುಡಿಯುವುದು ಎಷ್ಟು ಕಡಿಮೆ ಎಂದರೆ, ಯಾರೂ ಇಲ್ಲವೆಂದುಕೊಂಡು ಪವರ್ ಬ್ಯಾಂಕ್ ಬಾಗಿಲು ಹಾಕಿಕೊಳ್ಳುತ್ತಿತ್ತು.

ಲೈಬ್ರರಿಯವರು ಹಾವಸೆಯ ಫೋಟೋ ತೆಗೆದು ತೆಗೆದು ಬರಿದಾಗಿದ್ದ ತಮ್ಮ ಫೋನನ್ನು ಇನ್ನೊಂದು ತೂತಿಗೆ ಸಿಕ್ಕಿಸಿದರು. ದೀಪ ಹತ್ತಿದ್ದು ಆರಲಿಲ್ಲ. ಅವರು ಚಿಕ್ಕಮ್ಮನ ಕಡೆ ತಿರುಗಿ, ಅವಳಿಗೆ ಓದಲಾಗುವಂತೆ ಒಂದೊಂದೇ ಅಕ್ಷರ ತುಟಿಯಲ್ಲಿ ಬಿಡಿಸಿ ಹೇಳಿದರು: "ಅಳೋ ಮಗೂಗೆ ಮಾತ್ರ ಹಾಲು. ನಂದು ಅಳಲಿ ಬಿಡಿ, ನಿಮ್ಮದೂ ಕುಡ್ಕೊಳ್ಳತ್ತೆ."

ಬೆಳಿಗ್ಗೆ ಕಿವಿ ಹಾಕಿಕೊಂಡಾಗ ಮೊದಲು ಕೇಳಿಸಿದ್ದು ಹೊರಗೆ ಪಾತ್ರೆಗಳನ್ನು ಕುಕ್ಕುತ್ತಿದ್ದ ಮುಂದಿನಣ್ಣ.

"ಕೇಳ್ಸತ್ತಾ ಈಗ?" ಎಂದ, ತಿರುಗದೆ.

"ಕೇಳ್ಸತ್ತೆ."

"ಹಾಗಾದ್ರೆ ಕೇಳು. ನಿನ್ ಸೀಟಿ ನಂಬ್ಕೊಂಡು ನಾನು ಇಷ್ಟು ವರ್ಷ ಹಿಂದೆ ತಿರುಗಿ ನೋಡಿಲ್ಲ ಅಕ್ಕ. ಒಂದು ಸಲನೂ ನೋಡಿಲ್ಲ. ಇನ್ನು ಮೇಲೆ ನೋಡ್ಬೇಕಾ?"

ಕಿವಿ ಕೆಟ್ಟದ್ದಕ್ಕೆ ಅವನಿಗೆ ಸಿಟ್ಟಿರಲಿಲ್ಲ. ಕೇಳದೆ ಊದಿದ್ದಕ್ಕೆ ಸಿಟ್ಟು. ಅದು ಅವಳಿಗೂ ಗೊತ್ತಿತ್ತು.

ಮರುದಿನ ಯಜಮಾನರು ಹೊಸ ಗುಂಪಿನ ಜೊತೆ ಏದುಸಿರು ಬಿಡುತ್ತಾ ಮೇಲೆ ಬಂದರು. ಲೈಬ್ರರಿಯವರು ತಾವು ಯಾರಿಗೂ ಏನೂ ಹೇಳುವುದಿಲ್ಲವೆಂದು ಚಿಕ್ಕಮ್ಮನ ಕೈ ಒತ್ತಿ ಇಳಿದುಹೋಗಿದ್ದರು. ಹೇಳದೆ ಉಳಿಯಬಹುದಿತ್ತು. ಪವರ್ ಬ್ಯಾಂಕಿನ ಗುಟ್ಟೂ ಈಗ ತಿಳಿದಿತ್ತು, ಫೋನು ಜೊತೆಗೆ ಸಿಕ್ಕಿಸಿದರೆ ಆಯಿತು. ಆದರೂ ಯಜಮಾನರು ಕೂತು ನೀರು ಕುಡಿಯುವಷ್ಟರಲ್ಲಿ ಅವಳು ಹೋಗಿ ಎಲ್ಲವನ್ನೂ ಹೇಳಿದಳು, ಸುಮ್ಮನೆ ಊದಿದ್ದನ್ನೂ ಸೇರಿಸಿ.

ಯಜಮಾನರು ಲೋಟ ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು. "ನೀವು ಇಳಿದುಬಿಡಿ. ಕಚೇರಿಯಲ್ಲಿ ಕೂತ್ಕೊಳ್ಳಿ. ಬೂಟು ಡೇರೆ ನೋಡ್ಕೊಂಡ್ರೆ ಸಾಕು. ನಾನು ಹಿಂದೆ ನಿಮ್ಮನ್ನ ಹಾಕಕ್ಕಾಗಲ್ಲ ಇನ್ನು" ಎಂದರು.

"ಆಯ್ತು" ಎಂದಳು ಚಿಕ್ಕಮ್ಮ. ಚೀಲ ಕಟ್ಟಲು ಎದ್ದಳು. ಆ ಹಿಂದಿನ ಕೋಣೆ, ಬೇರೆಯವರ ಬೂಟಿನ ವಾಸನೆ, ಕಿಟಕಿಯಿಂದ ಕಾಣುವ ಬಸ್ ನಿಲ್ದಾಣ. ಅಲ್ಲಿ ಕೂರಲು ಕಿವಿ ಬೇಡ, ಕಾಲೂ ಬೇಡ ಎಂದು ಆಗ ಅವಳಿಗೆ ಅನ್ನಿಸಿತಂತೆ.

ಈರುಳ್ಳಿ ಹೆಚ್ಚುತ್ತಿದ್ದ ಮುಂದಿನಣ್ಣ ಚಾಕು ಕೆಳಗಿಟ್ಟ.

"ಹಿಂದೆ ಹಾಕ್ಬೇಡಿ. ಮುಂದೆ ಹಾಕಿ" ಎಂದ.

"ಏನು?"

"ದಾರಿ ಅವಳಿಗೂ ಗೊತ್ತು, ನಂಗಿಂತ ಚೆನ್ನಾಗೇ ಗೊತ್ತು. ಮುಂದೆ ಇರೋರಿಗೆ ಉತ್ತರ ಕೇಳ್ಸದಿದ್ರೆ ಏನಾಗತ್ತೆ? ಸಾಲು ನಿಲ್ಲತ್ತೆ. ಅಷ್ಟೇ ತಾನೇ. ನಿಂತ್ರೆ ಯಾರೂ ಸಾಯಲ್ಲ. ನಾನು ಹಿಂದಿನಿಂದ ಬಂದು ನೋಡ್ತೀನಿ. ಹಿಂದೆ ಇರೋರಿಗೆ ಕೇಳ್ಸದಿದ್ರೇನೇ ಜನ ಉಳಿಯೋದು."

"ಕೇಳ್ಸದೆನೇ ಇವ್ರು ಮುಂದೆ ಹೋಗ್ಬಿಟ್ರೆ?"

ಮುಂದಿನಣ್ಣ ಚಿಕ್ಕಮ್ಮನ ಮುಖ ನೋಡಿದ. "ಹೋಗಲ್ಲ" ಎಂದ. "ಅಲ್ವಾ?"

"ಹೋಗಲ್ಲ" ಎಂದಳು ಅವಳು.

ಯಜಮಾನರು ಒಪ್ಪಲಿಲ್ಲ, ಆಗದು ಎಂದೂ ಹೇಳಲಿಲ್ಲ. ಬೇರೆ ಆಳು ತಕ್ಷಣ ಸಿಗುವಂತಿರಲಿಲ್ಲ. "ಈ ಬೇಸಗೆ ನೋಡೋಣ. ನಾನೂ ಒಂದೆರಡು ಸಲ ನಿಮ್ಮ ಜೊತೆ ನಡೀತೀನಿ" ಎಂದರು. ಹೊಸ ಗುಂಪಿನವರಿಗೆ ಮೊದಲ ದಿನದ ಪಾಠ ಹೇಳುವಾಗ ಚಿಕ್ಕಮ್ಮನೇ ಎದ್ದು ನಿಂತು, ಕೂದಲು ಸರಿಸಿ, ಕಿವಿ ತೋರಿಸಬೇಕು ಎನ್ನುವುದು ಅವರ ಷರತ್ತು. ಅವಳಿಗೆ ಅದು ಬೆಟ್ಟ ಹತ್ತುವುದಕ್ಕಿಂತ ಕಷ್ಟವಾಯಿತಂತೆ. ಈಗಲೂ ಆಗುತ್ತದಂತೆ.

ಬೇಸಗೆಯ ನಡುವೆ ಮೂರು ದಿನ ರಜೆ ಸಿಕ್ಕಿ ಅವಳು ಮನೆಗೆ ಬಂದಳು. ಮುಖ ಸುಟ್ಟು ಕಪ್ಪಾಗಿತ್ತು, ತುಟಿ ಒಡೆದಿತ್ತು. ಬಾಗಿಲ ಬಳಿಯೇ ನೆಲದ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದಳು. ಗಂಟು ಬಿಚ್ಚಲು ಬೆರಳು ಬಗ್ಗಲಿಲ್ಲ. ಅಮ್ಮ ಬಂದು ಅವಳ ಎದುರು ಕೂತು, ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಗಂಟು ಬಿಚ್ಚಿದಳು.

"ಆ ಅಂಗಡಿಯವನ ಹತ್ರ ಹೋಗಿ ಪವರ್ ಬ್ಯಾಂಕ್ ಬದಲಾಯಿಸ್ಕೊಂಡು ಬರೋಣ. ಸಣ್ಣ ಸಾಮಾನಿಗೂ ಕೊಡೋ ಅಂಥದ್ದು ಇರತ್ತಂತೆ. ಇವ್ಳು ಕೇಳ್ಕೊಂಡು ಬಂದಿದ್ದಾಳೆ" ಎಂದಳು ಅಮ್ಮ ನನ್ನ ಕಡೆ ಗಲ್ಲ ಎತ್ತಿ.

"ಬೇಡ ಬಿಡಕ್ಕ. ಫೋನು ಜೊತೆಗೆ ಹಾಕ್ತೀನಿ, ನಡೀತಿದೆ. ಈಗ ಬಿಸಿಲೂ ಸಿಗತ್ತೆ, ಬೇಗ ಸೇರ್ತೀವಲ್ಲ. ಮತ್ತೆ ಆ ಮೆಟ್ಟಿಲು ಯಾರು ಹತ್ತೋದು?"

"ಬೆಟ್ಟ ಹತ್ತೋಳಿಗೆ ಮೆಟ್ಟಿಲು ಕಷ್ಟ ನೋಡು." ಅಮ್ಮ ಇನ್ನೊಂದು ಕಾಲು ಎಳೆದುಕೊಂಡಳು. "ಮುಂದೆ ಹೇಗಿದೆ?"

ಚಿಕ್ಕಮ್ಮ ಗೋಡೆಗೆ ಒರಗಿದಳು. "ಬೇಜಾರು. ನೋಡಕ್ಕೆ ಒಂದು ಬೆನ್ನೂ ಇಲ್ಲ." ಕಾಲ್ಬೆರಳು ಆಡಿಸಿ ನೋಡುತ್ತಾ ಹೇಳಿದಳು: "ಹಿಂದೆ ಇದ್ದಾಗ ನಿಧಾನ ಹೋಗೋದೇ ಕೆಲಸ ಆಗಿತ್ತಕ್ಕ. ಈಗ ನಿಧಾನ ಹೋದ್ರೆ, ಪಾಪ ವಯಸ್ಸಾಯ್ತು ಅಂತಾರೆ. ನಂಗೆ ಈಗ ಕೇಳ್ಸತ್ತಲ್ಲ."

"ಹಾಗಂದೋರ ಬಾಯಿಗೆ ಹುಳ ಬೀಳ" ಎಂದಳು ಅಮ್ಮ.

"ಅನ್ಲಿ ಬಿಡು."

"ಸೋಮವಾರ ಮತ್ತೆ ಹೋಗ್ತೀಯಾ?"

"ಹೋಗ್ದೆ?"

ಅವಳು ಕಿವಿಯ ಹಿಂದಿನಿಂದ ಯಂತ್ರಗಳನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಇನ್ನೂ ಮಧ್ಯಾಹ್ನ. ಅಮ್ಮ ಏನೋ ಹೇಳುತ್ತಲೇ ಇದ್ದಳು, ಬಿಸಿನೀರು ಕಾಯಿಸುವುದೋ, ಊಟವೋ. ಚಿಕ್ಕಮ್ಮ ಅವಳ ತುಟಿಯ ಕಡೆಗೂ ನೋಡದೆ ಕಣ್ಣು ಮುಚ್ಚಿದಳು. ಅಮ್ಮ ಮಾತು ನಿಲ್ಲಿಸಿದಳು. ಆ ಕಾಲನ್ನು ಮಡಿಲಿನಿಂದ ಇಳಿಸದೆ ಹಾಗೆಯೇ ಕೂತಿದ್ದಳು.